ಎಳೆದೂ ಎಳೆದೂ ಸ್ಟಾರ್ಟ್ ಆಗದ ಇಂಜಿನ್: ಮೊದಲು ಪ್ಲಗ್ ಬಿಚ್ಚಿ ನೋಡಿ



ಗುಂದ, ನಂದಿಗದ್ದೆ, ಉಳವಿ ಕಡೆಯ ಅಡಿಕೆ ತೋಟದವರಿಗೆ ಮೇ ಕೊನೆಯ ವಾರದ ಗಡಿಬಿಡಿ ಬಿಡಿಸಿ ಹೇಳಬೇಕಾಗಿಲ್ಲ. ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ. ಮರ ಹತ್ತುವವರು ಒಂದು ದಿನ ಹೇಳಿದ್ದಾರೆ, ಆ ದಿನ ತಪ್ಪಿದರೆ ಅವರು ಮತ್ತೆ ಯಾವಾಗ ಸಿಗ್ತಾರೋ ಗೊತ್ತಿಲ್ಲ. ಹೋದ ಮಳೆಗಾಲ ಮುಗಿದ ಮೇಲೆ ಕೊಟ್ಟಿಗೆ ಮೂಲೆಯಲ್ಲಿಟ್ಟ ಪವರ್ ಸ್ಪ್ರೇಯರ್ ಹೊರಗೆ ತಂದು ಹಗ್ಗ ಎಳೆದರೆ ಇಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಗುತ್ತೆ. ಇಪ್ಪತ್ತು ಸಲ ಎಳೆದ ಮೇಲೆ ಕೈ ಸೋಲುತ್ತೆ, ನಲವತ್ತು ಸಲ ಎಳೆದ ಮೇಲೆ ಹಗ್ಗವೇ ಕಿತ್ತು ಬರುತ್ತೆ. ಆಮೇಲೆ ಮೆಷಿನ್ ಬೈಕ್ ಮೇಲೆ ಕಟ್ಟಿಕೊಂಡು ದಾಂಡೇಲಿಗೋ ರಾಮನಗರಕ್ಕೋ ಓಡಬೇಕು. ಅಲ್ಲಿಗೆ ಆ ದಿನ ಹೋಯ್ತು.

ಒಂದು ದಿನ ಹೋದರೆ ಏನು ಮಹಾ ಅನ್ನೋ ಹಾಗಿಲ್ಲ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯೋದು ರೋಗ ಬಂದ ಮೇಲಲ್ಲ, ಬರೋ ಮೊದಲು. ಕಾಯಿಯ ಮೇಲೆ ತಾಮ್ರದ ಪದರ ಕೂತಿದ್ದರೆ ಮಾತ್ರ ಶಿಲೀಂಧ್ರಕ್ಕೆ ತಡೆ. ಶೇ.1ರ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣ, ಮುಂಗಾರು ಹಿಡಿಯುವ ಮುಂಚೆ ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ. ಆ ಎರಡನೇ ಸಲ ಬರೋದು ಪುನರ್ವಸು ಮಳೆ ಸುರಿಯುವ ಜುಲೈನಲ್ಲಿ. ನಮ್ಮ ಘಟ್ಟದಲ್ಲಿ ಆಗ ಮಳೆ ಹೊಳವಾಗೋದು ಒಂದು ದಿನವೋ ಅರ್ಧ ದಿನವೋ. ಅದರ ಮೇಲೆ ಕಲಸಿದ ದ್ರಾವಣ ಅದೇ ದಿನ ಖಾಲಿಯಾಗಬೇಕು, ನಾಳೆಗೆ ಇಟ್ಟರೆ ಅದರ ಗುಣ ಉಳಿಯಲ್ಲ. ಹಾಗಾಗಿ ಮೊದಲ ಮಾತು ಇದೇ: ಇಂಜಿನ್ ಸ್ಟಾರ್ಟ್ ಆಗಿ ಐದು ನಿಮಿಷ ಓಡಿದ ಮೇಲೆ ಮೈಲುತುತ್ತ ಕಲಸಿ, ಅದಕ್ಕೂ ಮೊದಲು ಬೇಡ. ಇನ್ನೂ ಒಳ್ಳೇದು ಅಂದ್ರೆ, ಒಂದು ವಾರ ಮುಂಚೆ ಮೆಷಿನ್ ಹೊರಗೆ ತೆಗೆದು ಓಡಿಸಿ ನೋಡೋದು.

ಇಲ್ಲಿ ಹೇಳೋದು ಹಗ್ಗ ಎಳೆಯುವ ಸಣ್ಣ ಪೆಟ್ರೋಲ್ ಇಂಜಿನ್‌ಗಳ ಬಗ್ಗೆ: ಸ್ಪ್ರೇಯರ್, ಹುಲ್ಲು ಕಟಾವಿನ ಬ್ರಷ್ ಕಟರ್, ಸಣ್ಣ ನೀರಿನ ಪಂಪ್. ಕೊನೆಗೆ ಪವರ್ ಟಿಲ್ಲರ್‌ನ ಡೀಸೆಲ್ ಇಂಜಿನ್ ಬಗ್ಗೆ ನಾಲ್ಕು ಮಾತು ಇದೆ. ತೋಟದಲ್ಲಿ ನೆಟ್‌ವರ್ಕ್ ಸಿಗಲ್ಲ ಅನ್ನೋರು ಇದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ವಿಡಿಯೋ ಅಲ್ಲಿ ಓಡಲ್ಲ.

ಪಾನಾ ಹಿಡಿಯುವ ಮೊದಲು

ನಗಬೇಡಿ, ಮೆಕ್ಯಾನಿಕ್ ಹತ್ತಿರ ಹೋದ ಎಷ್ಟೋ ಮೆಷಿನ್‌ಗಳ ರಿಪೇರಿ ಬರೀ ಸ್ವಿಚ್ ಆನ್ ಮಾಡೋದೇ ಆಗಿರುತ್ತೆ. ಸ್ವಿಚ್ ಆನ್ ಇದೆಯಾ? ಪೆಟ್ರೋಲ್ ಕಾಕ್ ತೆರೆದಿದೆಯಾ? ಸ್ಪ್ರೇಯರ್ ಆದರೆ ಪಂಪಿನ ಪ್ರೆಶರ್ ಲಿವರ್ ಸಡಿಲ ಮಾಡಿದ್ದೀರಾ? ಅದು ಬಿಗಿ ಇದ್ದರೆ ಇಂಜಿನ್ ಜೊತೆ ಪಂಪನ್ನೂ ನೀವೇ ಎಳೀತಾ ಇರ್ತೀರಿ.

ಇನ್ನೊಂದು, ನಮ್ಮಂಥ ಇಳಿಜಾರಿನ ಜಾಗದಲ್ಲಿ ಬಹಳ ಜನರಿಗೆ ಗೊತ್ತಿಲ್ಲದ್ದು. ಸ್ಪ್ರೇಯರ್, ಪಂಪ್‌ಗಳಲ್ಲಿರುವ ಕೆಲವು ಫೋರ್ ಸ್ಟ್ರೋಕ್ ಇಂಜಿನ್‌ಗಳ ಒಳಗೆ ಆಯಿಲ್ ಕಾಯುವ ಸೆನ್ಸರ್ ಇರುತ್ತೆ. ಆಯಿಲ್ ಕಮ್ಮಿಯಾದರೆ ಅದು ಕಿಡಿಯನ್ನೇ ನಿಲ್ಲಿಸುತ್ತೆ, ಇಂಜಿನ್ ಸೀಜ್ ಆಗದಿರಲಿ ಅಂತ. ಮೆಷಿನ್ ಓರೆಯಾಗಿ ನಿಂತಿದ್ದರೂ ಆಯಿಲ್ ಒಂದು ಕಡೆ ಸರಿದು ಸೆನ್ಸರ್‌ಗೆ ಕಮ್ಮಿ ಅನ್ನಿಸುತ್ತೆ. ಆಗ ನೀವು ಎಷ್ಟು ಎಳೆದರೂ ಅಷ್ಟೇ. ಸಮತಟ್ಟು ಜಾಗಕ್ಕೆ ತನ್ನಿ, ಆಯಿಲ್ ಮಟ್ಟ ನೋಡಿ, ಆಮೇಲೆ ಎಳೀರಿ.

ಎಳೆಯುವ ರೀತಿನೂ ಮುಖ್ಯ. ಮೊದಲು ನಿಧಾನ ಎಳೆದು ಬಿಗಿ ಹತ್ತುವ ತನಕ ತನ್ನಿ, ಅಲ್ಲಿಂದ ಒಂದೇ ರಭಸದಲ್ಲಿ ಎಳೀರಿ. ಹಗ್ಗ ಕೈಬಿಟ್ಟು ಚಟ್ ಅಂತ ವಾಪಸ್ ಹೋಗಲು ಬಿಡಬೇಡಿ, ಹಗ್ಗ ಹರಿಯೋದು, ಒಳಗಿನ ಸ್ಪ್ರಿಂಗ್ ಹೋಗೋದು ಅದರಿಂದಲೇ.

ತಣ್ಣಗಿನ ಇಂಜಿನ್‌ಗೆ ಚೋಕ್ ಬೇಕು. ಬ್ರಷ್ ಕಟರ್‌ನಲ್ಲಿ ಮೆತ್ತನೆಯ ಪ್ರೈಮರ್ ಗುಂಡಿ ಇದ್ದರೆ, ವಾಪಸ್ ಪೈಪಿನಲ್ಲಿ ಪೆಟ್ರೋಲ್ ಕಾಣುವ ತನಕ ಅದನ್ನು ಒತ್ತಿ, ಚೋಕ್ ಹಾಕಿ ಎಳೀರಿ. ಮೂರ್ನಾಲ್ಕು ಎಳೆತಕ್ಕೆ 'ಡಬ್' ಅಂತ ಒಂದು ಸದ್ದು ಬಂದು ನಿಲ್ಲುತ್ತೆ. ಅದು ಇಂಜಿನ್ 'ಸಾಕು, ಚೋಕ್ ತೆಗಿ' ಅಂತ ಹೇಳಿದ ಹಾಗೆ. ಆ ಸದ್ದು ಗಮನಿಸದೆ ಚೋಕ್ ಹಾಕೇ ಎಳೀತಾ ಹೋದರೆ ಸಿಲಿಂಡರ್ ತುಂಬ ಪೆಟ್ರೋಲ್ ತುಂಬಿಕೊಳ್ಳುತ್ತೆ.

ಪ್ಲಗ್ ಒಣಗಿದೆಯೋ, ಒದ್ದೆಯೋ?

ಚೋಕ್ ಹಾಕಿ ಆರು, ಎಂಟು ಸಲ ಎಳೆದೂ ಸ್ಟಾರ್ಟ್ ಆಗಲಿಲ್ಲ ಅಂದ್ರೆ ನಿಲ್ಲಿಸಿ. ಮತ್ತೆ ಎಳೆಯೋದರಿಂದ ಹೊಸದೇನೂ ತಿಳಿಯಲ್ಲ. ಮೆಷಿನ್ ಜೊತೆ ಬಂದ ಪ್ಲಗ್ ಪಾನಾದಿಂದ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡಿ.

ತುದಿ ಒಣಗಿದ್ದರೆ ಪೆಟ್ರೋಲ್ ಒಳಗೆ ಬರ್ತಾ ಇಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬಂದಿದೆ, ಆದರೆ ಹೊತ್ತಿಕೊಳ್ತಾ ಇಲ್ಲ: ಒಂದೋ ಜಾಸ್ತಿ ಬಂದಿದೆ, ಇಲ್ಲಾ ಕಿಡಿ ಇಲ್ಲ, ಇಲ್ಲಾ ಬಂದ ಪೆಟ್ರೋಲೇ ಸತ್ವ ಹೋದದ್ದು. ಈ ಒಂದು ನೋಟದಲ್ಲಿ ನಿಮ್ಮ ಅರ್ಧ ಕೆಲಸ ಉಳಿಯುತ್ತೆ. ಕಿಡಿ ಸರಿ ಇರುವ ಮೆಷಿನ್‌ಗೆ ಹೊಸ ಪ್ಲಗ್, ಹೊಸ ಕಾಯಿಲ್ ಹಾಕಿಸಿ ದುಡ್ಡು ಕಳೆಯೋದು, ಕಾರ್ಬೊರೇಟರ್ ಸರಿ ಇದ್ದರೂ ಅದನ್ನೇ ಮೂರು ಸಲ ಬಿಚ್ಚೋದು, ಎಲ್ಲಾ ಪ್ಲಗ್ ನೋಡದೆ ಶುರು ಮಾಡಿದ್ದರ ಫಲ.

ಒಣಗಿದ್ದರೆ

ಟ್ಯಾಂಕ್ ಮುಚ್ಚಳ ಅರ್ಧ ಸುತ್ತು ಸಡಿಲ ಮಾಡಿ ಮತ್ತೆ ಪ್ರಯತ್ನಿಸಿ. ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ತೂತು ಇರುತ್ತೆ, ಅದು ಕಟ್ಟಿದರೆ ಟ್ಯಾಂಕ್ ಒಳಗೆ ಗಾಳಿ ಇಲ್ಲದೆ ಪೆಟ್ರೋಲ್ ಇಳಿಯಲ್ಲ. ಹತ್ತು ನಿಮಿಷ ಓಡಿ ನಿಲ್ಲುವ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಮೆಷಿನ್‌ಗಳಲ್ಲಿ ಮೊದಲ ಅನುಮಾನ ಇದರ ಮೇಲೇ ಇರಲಿ. ಆಮೇಲೆ ಟ್ಯಾಂಕಿನೊಳಗಿನ ಫಿಲ್ಟರ್, ಪೈಪ್ ನೋಡಿ. ಬ್ರಷ್ ಕಟರ್‌ನ ಸಣ್ಣ ಪೈಪ್ ಗಟ್ಟಿಯಾಗಿ ಸೀಳಿದ್ದರೆ ಪೆಟ್ರೋಲ್ ಬದಲು ಗಾಳಿ ಎಳೆಯುತ್ತೆ.

ಇಷ್ಟೂ ಸರಿ ಇದ್ದರೆ ಕಾರ್ಬೊರೇಟರ್. ಸ್ಪ್ರೇಯರ್, ಪಂಪ್‌ಗಳಲ್ಲಿ ಕಾರ್ಬೊರೇಟರ್ ಕೆಳಗೆ ಒಂದು ಬಟ್ಟಲು ಇದ್ದು, ಅದರ ತಳದಲ್ಲಿ ನೀರು ಬಿಡುವ ಸ್ಕ್ರೂ ಇರುತ್ತೆ. ಕೆಳಗೆ ಬಿಳಿ ಗಾಜಿನ ಬಾಟಲಿ ಹಿಡಿದು ಅದನ್ನು ಸಡಿಲ ಮಾಡಿ. ಏನೂ ಬರದಿದ್ದರೆ ಮೇಲಿಂದ ಪೆಟ್ರೋಲ್ ಇಳೀತಾ ಇಲ್ಲ. ಬಂದದ್ದು ಕಂದು ಬಣ್ಣದ್ದಾಗಿ ಹಳೇ ಬಣ್ಣದ ಡಬ್ಬಿಯ ವಾಸನೆ ಹೊಡೆದರೆ, ಅಥವಾ ಬಾಟಲಿ ತಳದಲ್ಲಿ ಬೇರೆ ಪದರ ಕೂತರೆ, ಕಳ್ಳ ಸಿಕ್ಕಿದ ಹಾಗೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ.

ಅದರಿಂದಲೂ ಆಗದಿದ್ದರೆ ಬಟ್ಟಲು ಬಿಚ್ಚಿ. ಬಿಚ್ಚುವ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದೊಂದು ಫೋಟೋ ಹೊಡೀರಿ, ಕೂಡಿಸುವಾಗ ಅದೇ ನಿಮ್ಮ ಪುಸ್ತಕ. ನಡುವೆ ಕೂದಲೆಳೆಯಷ್ಟು ತೂತಿರುವ ಹಿತ್ತಾಳೆಯ ಜೆಟ್ ಸಿಗುತ್ತೆ. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಕಾರ್ಬೊರೇಟರ್ ಕ್ಲೀನರ್ ಹೊಡೆದು, ಇಲ್ಲವೇ ಒಳ್ಳೆ ಪೆಟ್ರೋಲ್‌ನಲ್ಲಿ ನೆನೆಸಿ, ಗಾಳಿ ಊದಿ ತೆಗೀರಿ. ಸೂಜಿ, ಕಬ್ಬಿಣದ ತಂತಿ ತೂರಬೇಡಿ, ತೂತು ದೊಡ್ಡದಾದರೆ ಇಂಜಿನ್ ಜೀವನ ಪೂರ್ತಿ ಹೊಗೆ ಕಾರುತ್ತೆ. ತೂರಲೇಬೇಕಾದರೆ ಕರೆಂಟ್ ವೈರಿನೊಳಗಿನ ತಾಮ್ರದ ಒಂದು ಎಳೆ ಸಾಕು.

ಬ್ರಷ್ ಕಟರ್‌ನಲ್ಲಿ ಹೆಚ್ಚಾಗಿ ಬಟ್ಟಲು ಇರಲ್ಲ, ತೆಳು ರಬ್ಬರಿನಂಥ ಡಯಾಫ್ರಾಮ್ ಇರುತ್ತೆ. ವರ್ಷಗಳು ಕಳೆದ ಹಾಗೆ ಅದು ಒಣಗಿ ಗಟ್ಟಿಯಾಗುತ್ತೆ. ಬದಲಿಸುವ ಕಿಟ್ ಸಿಗುತ್ತೆ, ಹೊಸ ಕಾರ್ಬೊರೇಟರ್‌ಗಿಂತ ಅಗ್ಗ. ಹೊರಗಿರುವ ಟ್ಯೂನಿಂಗ್ ಸ್ಕ್ರೂಗಳನ್ನು ಮಾತ್ರ ತಿರುಗಿಸಲು ಹೋಗಬೇಡಿ. ಹೋದ ವರ್ಷ ಸರಿಯಾಗಿ ಓಡಿದ ಮೆಷಿನ್‌ನ ಸ್ಕ್ರೂ ತನ್ನಷ್ಟಕ್ಕೆ ತಿರುಗಿರಲ್ಲ.

ಒದ್ದೆಯಾಗಿದ್ದರೆ

ಪ್ಲಗ್ ಹೊರಗಿಟ್ಟು, ಚೋಕ್ ತೆಗೆದು, ಸ್ವಿಚ್ ಆಫ್ ಮಾಡಿ ಹಗ್ಗ ಹತ್ತು ಸಲ ಎಳೀರಿ. ಒಳಗೆ ತುಂಬಿದ ಪೆಟ್ರೋಲ್ ತೂತಿನಿಂದ ಹಾರಿ ಹೋಗುತ್ತೆ, ಮುಖ ಆ ಕಡೆ ಇಡಬೇಡಿ. ಪ್ಲಗ್ ಒರೆಸಿ, ಕಪ್ಪು ಮಸಿ ಇದ್ದರೆ ಹಳೇ ಟೂತ್ ಬ್ರಷ್‌ನಿಂದ ಉಜ್ಜಿ, ಒಣಗಿಸಿ.

ಈಗ ಕಿಡಿ ನೋಡೋಣ. ಚೆಲ್ಲಿದ ಪೆಟ್ರೋಲ್ ಆರಿ ಹೋಗಲಿ, ಕ್ಯಾನ್ ದೂರ ಇಡಿ, ಮೆಷಿನ್ ತೆರೆದ ಅಂಗಳದಲ್ಲಿರಲಿ. ಪ್ಲಗ್ ಅನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್‌ಗೆ ತಾಗುವ ಹಾಗೆ ರಬ್ಬರ್ ಹಿಡಿಯ ಪ್ಲೈಯರ್‌ನಿಂದ ಹಿಡೀರಿ, ಪ್ಲಗ್ ತೂತಿನಿಂದ ಆದಷ್ಟು ದೂರ. ಸ್ವಿಚ್ ಆನ್ ಮಾಡಿ ಇನ್ನೊಬ್ಬರು ಹಗ್ಗ ಎಳೆಯಲಿ. ನೆರಳಲ್ಲಿ ನೋಡಿದರೆ ನೀಲಿ ಕಿಡಿ ಚಟಪಟ ಅನ್ನಬೇಕು. ಕಿಡಿ ಕೆಂಪಾಗಿ ಮಂಕಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಒಂದು ಹೆಚ್ಚುವರಿ ಪ್ಲಗ್ ಮನೆಯಲ್ಲಿ ಇರಲೇಬೇಕು, ಮೆಷಿನ್ ಪುಸ್ತಕದಲ್ಲಿರುವ ನಂಬರಿನದ್ದೇ. ತುದಿಯ ಸಂದು ಸಾಮಾನ್ಯವಾಗಿ ಬ್ರಷ್ ಕಟರ್‌ಗೆ 0.6–0.7 ಮಿ.ಮೀ., ಸ್ಪ್ರೇಯರ್‌ನ ಫೋರ್ ಸ್ಟ್ರೋಕ್ ಇಂಜಿನ್‌ಗೆ 0.7–0.8 ಮಿ.ಮೀ.

ಹೊಸ ಪ್ಲಗ್‌ಗೂ ಕಿಡಿ ಇಲ್ಲವಾ? ಕಾಯಿಲ್ ಹೋಗಿದೆ ಅಂತ ತಕ್ಷಣ ತೀರ್ಮಾನ ಬೇಡ. ಬ್ರಷ್ ಕಟರ್‌ನಲ್ಲಿ ಹಿಡಿಯಿಂದ ಇಂಜಿನ್ ತನಕ ಸ್ವಿಚ್ಚಿನ ತೆಳು ವೈರ್ ಬರುತ್ತೆ. ಅದು ಎಲ್ಲೋ ಉಜ್ಜಿ ಲೋಹಕ್ಕೆ ತಾಗಿದರೆ ಇಂಜಿನ್ ಸದಾ 'ಆಫ್' ಆಗಿರುತ್ತೆ. ಇಂಜಿನ್ ಹತ್ತಿರ ಆ ವೈರ್ ಕಳಚಿ ಮತ್ತೆ ಕಿಡಿ ನೋಡಿ. ಬಂದರೆ ತಪ್ಪು ವೈರಿನದ್ದು. ಕೊಟ್ಟಿಗೆಯಲ್ಲಿ ಇಲಿ ಕಾಟ ಇದ್ದವರು ಎಲ್ಲ ವೈರ್ ಮೇಲೂ ಕಣ್ಣಾಡಿಸಿ.

ನಮ್ಮ ತಾಲೂಕಿನ ಥಂಡಿಗೆ ಇನ್ನೊಂದು ಕಾಯಿಲೆ ಇದೆ. ಕ್ಯಾಸಲ್‌ರಾಕ್, ಅಣಶಿ, ಕುಂಬಾರವಾಡ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತೆ, ಕಬ್ಬಿಣ ಬಿಡುತ್ತಾ? ಹಗ್ಗದ ಕವರ್ ಒಳಗಿರುವ ಫ್ಲೈವ್ಹೀಲ್‌ನ ಮ್ಯಾಗ್ನೆಟ್ ಮೇಲೆ, ಎದುರಿನ ಕಾಯಿಲ್ ಕಾಲುಗಳ ಮೇಲೆ ತುಕ್ಕು ಹಿಡಿದು ಕಿಡಿ ಕ್ಷೀಣವಾಗುತ್ತೆ. ಸಣ್ಣ ಮರಳು ಕಾಗದದಿಂದ ಉಜ್ಜಿ ಒರೆಸಿ. ಕಾಯಿಲ್ ಸಡಿಲ ಮಾಡಿದ್ದರೆ ಕೂಡಿಸುವಾಗ ಮಧ್ಯೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿ, ಆಮೇಲೆ ಕಾರ್ಡ್ ಎಳೆದು ತೆಗೀರಿ. ಬೇಕಾದ ಸಂದು ಹೆಚ್ಚುಕಮ್ಮಿ ಅಷ್ಟೇ.

ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತರೆ ಮತ್ತೆ ಹಿಡಿಯದ ಮೆಷಿನ್ ಬೇರೆ ಜಾತಿ. ಬಿಸಿ ಇದ್ದಾಗಲೇ ಕೈಗವಸು ಹಾಕಿ ಪ್ಲಗ್ ಬಿಚ್ಚಿ ಕಿಡಿ ನೋಡಿ. ಬಿಸಿಯಲ್ಲಿ ಕಿಡಿ ಇಲ್ಲ, ತಣಿದ ಮೇಲೆ ಇದೆ ಅಂದರೆ ಕಾಯಿಲ್ ಬದಲಿಸೋದೇ ದಾರಿ. ಎರಡೂ ಹೊತ್ತು ಕಿಡಿ ಇದ್ದರೆ, ಬಿಸಿ ಇಂಜಿನ್‌ಗೆ ನೀವು ಚೋಕ್ ಹಾಕ್ತಾ ಇದ್ದೀರಾ ಅಂತ ನೋಡಿಕೊಳ್ಳಿ.

ಪೆಟ್ರೋಲೇ ಕಾರಣ ಆಗೋದು ಹೇಗೆ

ನನ್ನ ಲೆಕ್ಕದಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಮೆಷಿನ್ ಹಿಡಿಯದಿದ್ದರೆ ಮೊದಲ ಅನುಮಾನ ಹಳೇ ಪೆಟ್ರೋಲ್ ಮೇಲೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ.

ಪೆಟ್ರೋಲ್ ಅಂದರೆ ಒಂದೇ ವಸ್ತು ಅಲ್ಲ, ಬೇಗ ಆವಿಯಾಗುವ ಹಗುರ ಭಾಗ, ನಿಧಾನ ಆವಿಯಾಗುವ ಭಾರದ ಭಾಗ, ಎಲ್ಲಾ ಸೇರಿದ್ದು. ಇಂಜಿನ್ ಒಳಗೆ ಹೊತ್ತಿಕೊಳ್ಳೋದು ದ್ರವ ಅಲ್ಲ, ಆವಿ. ತಣ್ಣಗಿನ ಇಂಜಿನ್‌ನಲ್ಲಿ ಮೊದಲ ಕಿಡಿಗೆ ಸಿಗೋದು ಆ ಹಗುರ ಭಾಗದ ಆವಿ ಮಾತ್ರ. ಟ್ಯಾಂಕಲ್ಲಿ ತಿಂಗಳುಗಟ್ಟಲೆ ಇಟ್ಟರೆ ಹಾರಿ ಹೋಗೋದೂ ಮೊದಲು ಅದೇ. ಉಳಿದದ್ದು ನೋಡಲು ಪೆಟ್ರೋಲ್ ಥರಾನೇ ಇರುತ್ತೆ, ಇಂಜಿನ್ ಬಿಸಿ ಇದ್ದರೆ ಓಡಲೂಬಹುದು, ಆದರೆ ತಣ್ಣಗಿನ ಇಂಜಿನ್ ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಅದು ಇನ್ನೂ ಒಣಗಿದರೆ ಅಂಟಾಗಿ ಜೆಟ್ಟಿನ ತೂತು ಮುಚ್ಚುತ್ತೆ.

ಇದರ ಜೊತೆಗೆ ಈಗ ಎಥನಾಲ್. 2022ರ ಮಧ್ಯದ ಹೊತ್ತಿಗೆ ದೇಶದ ಪೆಟ್ರೋಲ್‌ನಲ್ಲಿ ಶೇ.10ರಷ್ಟಿದ್ದದ್ದು 2025ಕ್ಕೆ ಶೇ.20ಕ್ಕೆ ಬಂತು, ಪಂಪ್ ಮೇಲೆ 'ಇ20' ಅಂತ ಬರೆದಿರೋದು ಅದನ್ನೇ. ಎಥನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ಸ್ವಲ್ಪ ನೀರಾದರೆ ಪೆಟ್ರೋಲ್‌ನಲ್ಲೇ ಕರಗಿಸಿಟ್ಟುಕೊಳ್ಳುತ್ತೆ. ಮಿತಿ ಮೀರಿದರೆ, ಅಂದರೆ ಒದ್ದೆ ಕ್ಯಾನ್, ಸರಿಯಾಗಿ ಮುಚ್ಚದ ಟ್ಯಾಂಕ್, ಮಳೆಯಲ್ಲಿ ನಿಂತ ಮೆಷಿನ್, ಆಗ ನೀರೂ ಎಥನಾಲೂ ಸೇರಿ ಬೇರೆಯಾಗಿ ತಳಕ್ಕೆ ಕೂರುತ್ತೆ. ಇಂಜಿನ್ ಎಳೆಯೋದು ತಳದಿಂದಲೇ. ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿ ಅಂದಿದ್ದು ಇದಕ್ಕೇ.

ಟೂ ಸ್ಟ್ರೋಕ್ ಬ್ರಷ್ ಕಟರ್‌ಗೆ ಇದು ಸ್ಟಾರ್ಟ್ ಆಗದಿರುವ ತೊಂದರೆ ಮಾತ್ರ ಅಲ್ಲ. ಅದರ ಆಯಿಲ್ ಇರೋದು ಪೆಟ್ರೋಲ್ ಒಳಗೇ. ತಳದ ನೀರಿನ ಪದರದಲ್ಲಿ ಆಯಿಲ್ ಇರಲ್ಲ. ಹೇಗೋ ಒದ್ದಾಡಿ ಸ್ಟಾರ್ಟ್ ಮಾಡಿದಿರಿ ಅಂದ್ಕೊಳ್ಳಿ, ಪಿಸ್ಟನ್ ಒಣಗಿಯೇ ಉಜ್ಜುತ್ತೆ. ಎಷ್ಟೋ ಸಣ್ಣ ಇಂಜಿನ್‌ಗಳ ಪುಸ್ತಕದಲ್ಲಿ ಎಥನಾಲ್ ಶೇ.10 ಮೀರಬಾರದು ಅಂತ ಬರೆದಿರುತ್ತೆ. ಆದರೆ ಪಂಪಲ್ಲಿ ಸಿಗೋದೇ ಇ20 ಆದಾಗ ರೈತ ಏನು ಮಾಡಬೇಕು? ಕೈಲಾಗೋದು ಇಷ್ಟು: ಬೇಕಾದಷ್ಟೇ ತನ್ನಿ, ಒಣ ಕ್ಯಾನಿನಲ್ಲಿ ಗಾಳಿಯಾಡದಂತೆ ಮುಚ್ಚಿಡಿ, ತಿಂಗಳೊಳಗೆ ಮುಗಿಸಿ, ಉಳಿದದ್ದನ್ನು ಬೈಕಿಗೆ ಹಾಕಿ. ಆಯಿಲ್ ಬೆರೆಸಿದ್ದು ಬೈಕಿಗೆ ಬೇಡ, ಅದನ್ನು ಆಯಾ ದಿನಕ್ಕೆ ಬೇಕಾದಷ್ಟೇ ಬೆರೆಸಿ.

ಬೆರಕೆ ಲೆಕ್ಕ: ಪುಸ್ತಕದಲ್ಲಿ 1:25 ಇದ್ದರೆ 1 ಲೀಟರ್‌ಗೆ 40 ಮಿ.ಲೀ. ಟೂ ಸ್ಟ್ರೋಕ್ ಆಯಿಲ್, 1:50 ಇದ್ದರೆ 20 ಮಿ.ಲೀ. ಮುಚ್ಚಳದ ಅಂದಾಜು ಬೇಡ, ಮೆಡಿಕಲ್ ಶಾಪಿನ ಸಿರಿಂಜ್ ಇಟ್ಟುಕೊಳ್ಳಿ. ಆಯಿಲ್ ಜಾಸ್ತಿ ಇದ್ದರೆ ಒಳ್ಳೇದಲ್ವಾ ಅಂತ ಕೇಳ್ತಾರೆ. ಅಲ್ಲ, ಪ್ಲಗ್ ಕಪ್ಪಾಗುತ್ತೆ, ಸೈಲೆನ್ಸರ್‌ನ ಜಾಲರಿ ಮಸಿ ಕಟ್ಟಿ ಹೊಗೆ ಹೋಗಲು ದಾರಿ ಇರಲ್ಲ. ಸ್ಪ್ರೇಯರ್‌ನಂಥ ಫೋರ್ ಸ್ಟ್ರೋಕ್ ಇಂಜಿನ್‌ಗೆ ಬೆರಕೆ ಪೆಟ್ರೋಲ್ ಹಾಕುವ ಹಾಗಿಲ್ಲ. ಮನೆಯಲ್ಲಿ ಎರಡೂ ಜಾತಿ ಇದ್ದರೆ ಎರಡು ಕ್ಯಾನಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಡಿ.

ಗಾಳಿ ಮತ್ತು ಕಂಪ್ರೆಶನ್

ಏರ್ ಫಿಲ್ಟರ್ ತೆಗೆದು ಒಂದು ಸಲ ಎಳೆದು ನೋಡಿ. ಹಿಡಿದರೆ ಫಿಲ್ಟರ್ ಕಟ್ಟಿದೆ. ಸ್ಪಂಜಿನದ್ದಾದರೆ ಸೋಪು ನೀರಲ್ಲಿ ತೊಳೆದು ಒಣಗಿಸಿ. ಫಿಲ್ಟರ್ ಇಲ್ಲದೆ ಓಡಿಸೋದು ಮಾತ್ರ ಬೇಡ. ಸೈಲೆನ್ಸರ್ ಬಾಯಿಗೂ ಟಾರ್ಚ್ ಹಿಡಿದು ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಬಳಸದೆ ಬಿಟ್ಟ ಸೈಲೆನ್ಸರ್ ಅಂದರೆ ಸಿದ್ಧವಾದ ಮನೆ.

ಪೆಟ್ರೋಲ್, ಕಿಡಿ, ಗಾಳಿ ಮೂರೂ ಇದ್ದೂ ಆಗದಿದ್ದರೆ ಒತ್ತಡ ಉಳೀತು. ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಎಳೆಸಿ, ಸ್ವಿಚ್ ಆಫ್ ಇರಲಿ. ಗಾಳಿ ಬೆರಳನ್ನು ದೂಡಿ ಹೊರಗೆ ಬರಬೇಕು. ಏನೂ ಬರದೆ ಹಗ್ಗ ನೂಲಿನಂತೆ ಸಲೀಸಾಗಿ ಬಂದರೆ ರಿಂಗ್ ಸವೆದಿರಬಹುದು, ವಾಲ್ವ್ ತುಕ್ಕಿಗೆ ಸಿಕ್ಕಿಕೊಂಡಿರಬಹುದು. ಪ್ಲಗ್ ತೂತಿನೊಳಗೆ ಅರ್ಧ ಚಮಚ ಇಂಜಿನ್ ಆಯಿಲ್ ಬಿಟ್ಟು ನಿಧಾನ ನಾಲ್ಕು ಸಲ ಎಳೆದು ನೋಡಿ. ಸುಧಾರಿಸದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಬೇಕಾದ ಕೆಲಸ ಇದು, ಮನೆಯಲ್ಲಿ ಬಿಚ್ಚಬೇಡಿ.

ಪವರ್ ಟಿಲ್ಲರ್ ಆದರೆ

ಡೀಸೆಲ್‌ಗೆ ಪ್ಲಗ್ಗೂ ಇಲ್ಲ, ಕಿಡಿಯೂ ಇಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾಗಿ ನಿಂತಿದ್ದರೆ ಪೈಪಿನೊಳಗೆ ಗಾಳಿ ಸೇರಿರುತ್ತೆ, ಡೀಸೆಲ್ ತುಂಬಿದ ಮಾತ್ರಕ್ಕೆ ಹಿಡಿಯಲ್ಲ. ಫಿಲ್ಟರ್ ಹತ್ತಿರದ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಬಿಟ್ಟು ಬಿಗಿ ಮಾಡಿ. ಫಿಲ್ಟರ್ ತಳದಲ್ಲಿ ನೀರು ನಿಂತಿದ್ದರೆ ತೆಗೀರಿ. ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಯೇ ಇಟ್ಟು ಹಿಡೀರಿ. ಹ್ಯಾಂಡಲ್ ಹಿಂದೆ ಒದ್ದರೆ ಮುರಿಯೋದು ಹೆಬ್ಬೆರಳೇ.

ಮುಂದಿನ ಮೇ ತಿಂಗಳಿಗೆ

ಕೊನೇ ಸಿಂಪರಣೆ ಮುಗಿದ ದಿನ ಮೊದಲು ಪಂಪಿನಲ್ಲಿ ಬರೀ ನೀರು ಓಡಿಸಿ ಬೋರ್ಡೋ ತೊಳೆದು ತೆಗೀರಿ. ಆಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿದು ತಾನಾಗೇ ನಿಲ್ಲುವ ತನಕ ಇಂಜಿನ್ ಓಡಿಸಿ. ಮುಚ್ಚಿದ ಕೋಣೆಯೊಳಗೆ ಓಡಿಸಬೇಡಿ, ಹೊಗೆ ಜೀವ ತೆಗೆಯುತ್ತೆ. ಪ್ಲಗ್ ಬಿಚ್ಚಿ ಒಂದು ಚಮಚ ಆಯಿಲ್ ಬಿಟ್ಟು ಎರಡು ಸಲ ನಿಧಾನ ಎಳೆದು, ಪ್ಲಗ್ ಹಾಕಿ, ಹಗ್ಗ ಬಿಗಿ ಹತ್ತುವ ಜಾಗದಲ್ಲಿ ನಿಲ್ಲಿಸಿ. ಫೋರ್ ಸ್ಟ್ರೋಕ್‌ನಲ್ಲಿ ಆ ಜಾಗದಲ್ಲಿ ವಾಲ್ವ್‌ಗಳು ಮುಚ್ಚಿರುತ್ತವೆ, ಥಂಡಿ ಒಳಗೆ ಹೋಗಲ್ಲ. ನೆಲಕ್ಕೆ ಇಡದೆ ಹಲಗೆ ಮೇಲಿಡಿ, ಗೊಬ್ಬರದ ಚೀಲದ ಪಕ್ಕ ಬೇಡ.

ಇಷ್ಟೆಲ್ಲಾ ಮಾಡಿಯೂ ಆಗದಿದ್ದರೆ, ಮೆಷಿನ್ ಹೊರುವ ಮೊದಲು ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಮೆಕ್ಯಾನಿಕ್‌ಗೆ ಫೋನ್ ಮಾಡಿ. 'ಸ್ಟಾರ್ಟ್ ಆಗ್ತಿಲ್ಲ' ಅಂದರೆ ಅವರೂ 'ತಗೊಂಡು ಬನ್ನಿ' ಅಂತಾರೆ ಅಷ್ಟೇ. 'ಪ್ಲಗ್ ಒದ್ದೆ ಇದೆ, ಹೊಸ ಪ್ಲಗ್‌ಗೂ ಕಿಡಿ ಇಲ್ಲ, ಸ್ವಿಚ್ ವೈರ್ ಕಳಚಿ ನೋಡಿದೆ' ಅಂತ ಹೇಳಿ, ಇಂಜಿನ್ ಮೇಲಿನ ಮಾಡೆಲ್ ನಂಬರಿನ ಫೋಟೋ ಕಳಿಸಿ. ಕಾಯಿಲ್ ಅವರ ಹತ್ತಿರ ಇದೆಯೋ, ಹುಬ್ಬಳ್ಳಿಯಿಂದ ತರಿಸಬೇಕೋ ಅಂತ ಆಗಲೇ ಗೊತ್ತಾಗುತ್ತೆ. ತರಿಸಬೇಕು ಅಂದರೆ ಆ ದಿನವೇ ಪಕ್ಕದ ತೋಟದವರ ಮೆಷಿನ್ ಕೇಳಿಟ್ಟುಕೊಳ್ಳಿ.